ಕಡಿಮೆ ಕ್ಯಾಲೊರಿಯಲ್ಲೂ ಹೊಟ್ಟೆ ತುಂಬ ಉಣ್ಣುವ ಬಗೆ

ತೂಕ ಇಳಿಸಬೇಕೆಂದು ನಿಶ್ಚಯಿಸಿದವರಲ್ಲಿ ಹೆಚ್ಚಿನವರು ಮೊದಲ ದಿನ ಮಾಡುವ ಕೆಲಸ ಒಂದೇ: ಎಂದಿನ ಊಟವನ್ನೇ ಬಡಿಸಿಕೊಂಡು ಅದರ ಪ್ರಮಾಣವನ್ನು ಅರ್ಧಕ್ಕೆ ಇಳಿಸುವುದು. ಮೂರು ನಾಲ್ಕು ದಿನ ಛಲದ ಬಲದಿಂದ ದಾಟುತ್ತದೆ. ಆಮೇಲೆ ಒಂದು ಸಂಜೆ ಹಸಿವು ತಾಳಲಾರದೆ ಕೈಗೆ ಸಿಕ್ಕಿದ್ದನ್ನೆಲ್ಲ ತಿಂದು, ಮರುದಿನ ಪಶ್ಚಾತ್ತಾಪದಿಂದ ಇನ್ನಷ್ಟು ಕಡಿಮೆ ಉಣ್ಣುವ ಸುಳಿ ಆರಂಭವಾಗುತ್ತದೆ. ನಾನೂ ಹೀಗೆಯೇ ಆರಂಭಿಸಿದ್ದೆ. ರಾತ್ರಿ ಹತ್ತರ ಹೊತ್ತಿಗೆ ನಿದ್ದೆಯೂ ಬಾರದಷ್ಟು ಹಸಿವಾಗಿ, ಅಡುಗೆಮನೆಯ ದೀಪ ಹಾಕಿ, ನಿಂತಲ್ಲಿಯೇ ಬಿಸ್ಕತ್ತಿನ ಪೊಟ್ಟಣ ಮುಗಿಸಿದ ರಾತ್ರಿಗಳು ಆ ಎರಡು ವಾರಗಳಲ್ಲಿ ಹಲವಿದ್ದವು. ನನ್ನಲ್ಲಿ ಮನೋಬಲವಿಲ್ಲವೆಂದು ಆಗ ನಂಬಿದ್ದೆ. ನಿಜಕ್ಕೂ ಕೊರತೆ ಇದ್ದದ್ದು ತಟ್ಟೆಯ ಜೋಡಣೆಯಲ್ಲಿ ಎಂಬುದು ಅಡುಗೆಮನೆಗೆ ಒಂದು ತಕ್ಕಡಿ ತಂದ ಮೇಲೆ ತಿಳಿಯಿತು.

ಈ ಲೇಖನದಲ್ಲಿ ನಾನು ಹೇಳಬೇಕಾದ ಮಾತು ಒಂದೇ ಇದೆ. ಹೊಟ್ಟೆ ತನ್ನೊಳಗೆ ಬಂದ ಆಹಾರದ ಗಾತ್ರವನ್ನೂ ತೂಕವನ್ನೂ ಅಳೆಯುತ್ತದೆ, ಕ್ಯಾಲೊರಿಯನ್ನು ನೇರವಾಗಿ ಎಣಿಸುವುದಿಲ್ಲ. ಆದ್ದರಿಂದ ಊಟದ ಗಾತ್ರವನ್ನು ಹಾಗೆಯೇ ಉಳಿಸಿಕೊಂಡು, ಸಾಧ್ಯವಾದರೆ ಹೆಚ್ಚಿಸಿಕೊಂಡು, ಅದರೊಳಗಿನ ಕ್ಯಾಲೊರಿಯನ್ನು ಕಡಿಮೆ ಮಾಡಬೇಕು. ಮುಂದಿನ ಹೆಜ್ಜೆಗಳೆಲ್ಲ ಇದನ್ನು ಸಾಧಿಸುವ ದಾರಿಗಳು.

ಆರಂಭಿಸುವ ಮೊದಲು ಒಂದು ಎಚ್ಚರಿಕೆ. ಗರ್ಭಿಣಿಯರು, ಹಾಲುಣಿಸುತ್ತಿರುವ ತಾಯಂದಿರು, ಬೆಳೆಯುವ ವಯಸ್ಸಿನ ಮಕ್ಕಳು, ಹಿಂದೆ ಊಟಕ್ಕೆ ಸಂಬಂಧಿಸಿದ ಮಾನಸಿಕ ತೊಂದರೆ ಅನುಭವಿಸಿದವರು ಮತ್ತು ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರ ಸಲಹೆಯಿಲ್ಲದೆ ಕ್ಯಾಲೊರಿ ಕಡಿತಕ್ಕೆ ಇಳಿಯಬಾರದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರ ಇಳಿಸಬಲ್ಲ ಮಾತ್ರೆಗಳನ್ನು ತೆಗೆದುಕೊಳ್ಳುವವರು ಔಷಧದ ಪ್ರಮಾಣವನ್ನು ಹಾಗೆಯೇ ಇಟ್ಟುಕೊಂಡು ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ದಿನಕ್ಕೆ 800 ಕ್ಯಾಲೊರಿಗಿಂತ ಕಡಿಮೆಯ ಪಥ್ಯ ಯಾರಿಗೇ ಆಗಲಿ ವೈದ್ಯರ ಕಣ್ಗಾವಲಿನಲ್ಲಿಯೇ ನಡೆಯಬೇಕು. ತೂಕ ಬಹಳ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲುಗಳಾಗುವ ಸಂಭವವೂ ಹೆಚ್ಚುತ್ತದೆ.

ಮೊದಲ ಹೆಜ್ಜೆ: ಕಡಿತವನ್ನು ಸಣ್ಣದಾಗಿ ಇಡಿ

ಗಾತ್ರದಿಂದ ಹೊಟ್ಟೆ ತುಂಬಿಸಬಹುದು ಎಂದಾಕ್ಷಣ ಎಷ್ಟು ದೊಡ್ಡ ಕಡಿತವನ್ನಾದರೂ ತರಕಾರಿಯಿಂದ ಮುಚ್ಚಿಬಿಡಬಹುದೆಂದು ಭಾವಿಸಬಾರದು. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಏನ್ಸೆಲ್ ಕೀಸ್ ಎಂಬ ವಿಜ್ಞಾನಿ ಆರೋಗ್ಯವಂತರಾದ 36 ಯುವಕರನ್ನು 24 ವಾರಗಳ ಕಾಲ ಅರೆಹೊಟ್ಟೆಯಲ್ಲಿ ಇರಿಸಿ ಅಧ್ಯಯನ ನಡೆಸಿದರು. ಅವರೆಲ್ಲ ಸ್ವಯಂಸೇವಕರಾಗಿ ಬಂದವರು. ಮೊದಲು ಅವರು ಉಣ್ಣುತ್ತಿದ್ದ ಕ್ಯಾಲೊರಿಯನ್ನು ಸರಿಸುಮಾರು ಅರ್ಧಕ್ಕೆ ಇಳಿಸಲಾಯಿತು. ಅವರಿಗೆ ಕೊಟ್ಟದ್ದು ಆಲೂಗಡ್ಡೆ, ಟರ್ನಿಪ್, ಎಲೆಕೋಸು, ಬ್ರೆಡ್ಡಿನಂಥ ಸಾಕಷ್ಟು ಗಾತ್ರವಿರುವ ಆಹಾರವೇ. ಆದರೂ ಅವರು ಹಗಲಿರುಳು ಊಟದ ಧ್ಯಾನದಲ್ಲಿಯೇ ಮುಳುಗಿದರು. ಕೆಲವರು ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದತೊಡಗಿದರು, ತಟ್ಟೆಯನ್ನು ನೆಕ್ಕಿದರು, ಸಿಡುಕಿದರು, ಖಿನ್ನರಾದರು. ಶರೀರ ತನ್ನ ಕೊಬ್ಬಿನ ದಾಸ್ತಾನು ಕರಗುತ್ತಿರುವುದನ್ನು ಗಮನಿಸಿದಾಗ ಎಬ್ಬಿಸುವ ಹಸಿವಿಗೂ, ಮಧ್ಯಾಹ್ನದ ಊಟ ಸಾಲದೆ ಬರುವ ಹಸಿವಿಗೂ ಇರುವ ವ್ಯತ್ಯಾಸ ಇದು. ಎರಡನೆಯದನ್ನು ತಟ್ಟೆಯಿಂದ ಸರಿಪಡಿಸಬಹುದು. ಮೊದಲನೆಯದನ್ನು ಕೆರಳಿಸದಿರುವುದೊಂದೇ ದಾರಿ.

ಹೆಚ್ಚಿನ ವಯಸ್ಕರಿಗೆ ದಿನಕ್ಕೆ ಸುಮಾರು 300ರಿಂದ 500 ಕ್ಯಾಲೊರಿಯ ಕಡಿತ ತಾಳಿಕೊಳ್ಳುವಂಥದ್ದು. ಇದರಿಂದ ವಾರಕ್ಕೆ ಕಾಲು ಕಿಲೋದಿಂದ ಅರ್ಧ ಕಿಲೋವರೆಗೆ ತೂಕ ಇಳಿಯಬಹುದು, ಆಮೇಲಾಮೇಲೆ ಅದೂ ನಿಧಾನವಾಗುತ್ತದೆ. ನಿಧಾನವೆಂದು ಬೇಸರಪಡಬೇಡಿ, ಆರು ತಿಂಗಳು ನಡೆಸಬಲ್ಲ ಪಥ್ಯಕ್ಕೂ ಆರು ದಿನಕ್ಕೆ ಮುರಿಯುವ ಪಥ್ಯಕ್ಕೂ ನಡುವಿನ ಅಂತರ ಬಹುತೇಕ ಈ ಮೊದಲ ಹೆಜ್ಜೆಯಲ್ಲಿಯೇ ನಿರ್ಧಾರವಾಗಿಬಿಡುತ್ತದೆ.

ಎರಡನೆಯ ಹೆಜ್ಜೆ: ಹೊಟ್ಟೆ ಏನನ್ನು ಅಳೆಯುತ್ತದೆ ಎಂಬುದನ್ನು ತಿಳಿಯಿರಿ

ಊಟ ಇಳಿದಂತೆ ಜಠರದ ಗೋಡೆ ಹಿಗ್ಗುತ್ತದೆ. ಆ ಹಿಗ್ಗುವಿಕೆಯನ್ನು ಗ್ರಹಿಸುವ ನರತುದಿಗಳು ವೇಗಸ್ ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಇದು ಮೊದಲ ಸುದ್ದಿ, ಇದರಲ್ಲಿ ಮುಖ್ಯವಾದದ್ದು ಗಾತ್ರ. ಆಹಾರ ಸಣ್ಣ ಕರುಳಿಗೆ ಇಳಿದಾಗ ಎರಡನೆಯ ಸುದ್ದಿ ಹೊರಡುತ್ತದೆ: ಪ್ರೋಟೀನ್ ಮತ್ತು ಕೊಬ್ಬು ತಗುಲಿದಾಗ ಕರುಳಿನ ಕೋಶಗಳು ಕೊಲೆಸಿಸ್ಟೊಕೈನಿನ್, ಜಿಎಲ್‌ಪಿ-1, ಪಿವೈವೈ ಮೊದಲಾದ ಹಾರ್ಮೋನುಗಳನ್ನು ಬಿಡುತ್ತವೆ, ಅವು ಜಠರ ಬರಿದಾಗುವುದನ್ನು ನಿಧಾನಗೊಳಿಸಿ ಸಾಕೆಂಬ ಭಾವನೆಯನ್ನು ಗಟ್ಟಿಮಾಡುತ್ತವೆ. ಇದೇ ವೇಳೆಗೆ, ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನಿನ ಮಟ್ಟ ಇಳಿಯುತ್ತದೆ.

ಆದ್ದರಿಂದ ಒಂದು ಊಟ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ತಟ್ಟೆಯಿಂದ ಏಳುವಾಗ ಹೊಟ್ಟೆ ತುಂಬಿದೆಯೇ? ಮುಂದಿನ ಊಟದವರೆಗೆ ಅದು ನಿಲ್ಲುತ್ತದೆಯೇ? ಮೊದಲನೆಯದಕ್ಕೆ ನೀರಿನಂಶವೂ ಗಾತ್ರವೂ ಬೇಕು. ಎರಡನೆಯದಕ್ಕೆ ಪ್ರೋಟೀನ್, ನಾರಿನಂಶ ಮತ್ತು ಸ್ವಲ್ಪ ಕೊಬ್ಬು ಬೇಕು. ಒಂದು ದೊಡ್ಡ ಬಟ್ಟಲು ಸೌತೆಕಾಯಿಯನ್ನಷ್ಟೇ ತಿಂದವರಿಗೆ ಮುಕ್ಕಾಲು ಗಂಟೆಯಲ್ಲಿ ಮತ್ತೆ ಹಸಿವಾಗುವುದು ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿದ್ದರಿಂದ.

ಮೂರನೆಯ ಹೆಜ್ಜೆ: ಪ್ರತಿ ಗ್ರಾಂ ಎಷ್ಟು ಕ್ಯಾಲೊರಿ ಹೊತ್ತಿದೆ ಎಂದು ನೋಡಿ

ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಇರುತ್ತದೆ, ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟಿನಲ್ಲಿ ತಲಾ 4, ನಾರಿನಂಶದಲ್ಲಿ ಸುಮಾರು 2, ನೀರಿನಲ್ಲಿ ಸೊನ್ನೆ. ಪೊಟ್ಟಣಗಳ ಮೇಲೆ ಕಿಲೋಕ್ಯಾಲೊರಿ ಎಂದು ಅಚ್ಚಾಗಿರುವುದೂ ನಾವು ಆಡುಮಾತಿನಲ್ಲಿ ಕ್ಯಾಲೊರಿ ಎನ್ನುವುದೂ ಒಂದೇ. ಯಾವ ಆಹಾರದಲ್ಲಿ ನೀರು ಹೆಚ್ಚೋ ಅದು ಕ್ಯಾಲೊರಿಯಲ್ಲಿ ಹಗುರ, ಯಾವುದರಲ್ಲಿ ಎಣ್ಣೆ ಹೆಚ್ಚೋ ಅದು ಕ್ಯಾಲೊರಿಯಲ್ಲಿ ಭಾರ; ಲೆಕ್ಕದ ಬಹುಪಾಲು ಇಷ್ಟರಲ್ಲೇ ಮುಗಿಯುತ್ತದೆ.

100 ಗ್ರಾಂ ಸೌತೆಕಾಯಿಯಲ್ಲಿ ಸುಮಾರು 15 ಕ್ಯಾಲೊರಿ, ಟೊಮೆಟೊದಲ್ಲಿ 18, ಎಲೆಕೋಸಿನಲ್ಲಿ 25, ಕ್ಯಾರೆಟ್ಟಿನಲ್ಲಿ 41, ಸೇಬಿನಲ್ಲಿ 52, ಬೇಯಿಸಿದ ಆಲೂಗಡ್ಡೆಯಲ್ಲಿ 87, ಬೆಂದ ಬೇಳೆಯಲ್ಲಿ 116, ಅನ್ನದಲ್ಲಿ 130 ಕ್ಯಾಲೊರಿ ಇರುತ್ತದೆ. ಬ್ರೆಡ್ಡಿಗೆ ಬಂದರೆ ಅದು 265ರ ಆಸುಪಾಸಿಗೆ ಏರುತ್ತದೆ, ಬಾದಾಮಿಯಲ್ಲಿ 580, ಬೆಣ್ಣೆಯಲ್ಲಿ 717, ಅಡುಗೆ ಎಣ್ಣೆಯಲ್ಲಿ ಸುಮಾರು 885. ಪೊಟ್ಟಣದ ಆಹಾರವಾದರೆ 100 ಗ್ರಾಂಗೆ ನಮೂದಿಸಿದ ಕ್ಯಾಲೊರಿಯನ್ನು ನೂರರಿಂದ ಭಾಗಿಸಿ. ಬಂದ ಸಂಖ್ಯೆ ಒಂದೂವರೆಗಿಂತ ಕಡಿಮೆಯಿದ್ದರೆ ತಟ್ಟೆಯಲ್ಲಿ ಅದಕ್ಕೆ ಧಾರಾಳವಾಗಿ ಜಾಗ ಕೊಡಬಹುದು. ನಾಲ್ಕಕ್ಕಿಂತ ಹೆಚ್ಚಿದ್ದರೆ ಅದನ್ನು ಅಳೆಯದೆ ಬಡಿಸಿಕೊಳ್ಳಬಾರದು.

ಇದನ್ನು ಒಮ್ಮೆ ಕಣ್ಣಾರೆ ನೋಡಬೇಕಾದರೆ ದ್ರಾಕ್ಷಿಯನ್ನೂ ಒಣದ್ರಾಕ್ಷಿಯನ್ನೂ ಎರಡು ಬಟ್ಟಲುಗಳಲ್ಲಿ ತೂಗಿ ಇಡಿ. 100 ಕ್ಯಾಲೊರಿಗೆ ತಾಜಾ ದ್ರಾಕ್ಷಿ ಸುಮಾರು 145 ಗ್ರಾಂ ಬರುತ್ತದೆ, ಬಟ್ಟಲು ತುಂಬುತ್ತದೆ, ಒಂದೊಂದಾಗಿ ತಿಂದು ಮುಗಿಸಲು ಹೊತ್ತು ಹಿಡಿಯುತ್ತದೆ. ಅಷ್ಟೇ ಕ್ಯಾಲೊರಿಯ ಒಣದ್ರಾಕ್ಷಿ ಸುಮಾರು 33 ಗ್ರಾಂ. ಅದು ಬಟ್ಟಲಿನ ತಳವನ್ನು ಮುಚ್ಚಿದರೆ ಹೆಚ್ಚು, ಎರಡು ಹಿಡಿಯಲ್ಲಿ ಮುಗಿದುಹೋಗುತ್ತದೆ. ಹಣ್ಣು ಅದೇ, ಸಕ್ಕರೆ ಅದೇ, ನಡುವೆ ಹೋಗಿರುವುದು ನೀರು ಮಾತ್ರ.

ನೀರಿನ ವಿಷಯದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಅವರ ಸಹೋದ್ಯೋಗಿಗಳು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಹಿಳೆಯರಿಗೆ ಮಧ್ಯಾಹ್ನದ ಊಟಕ್ಕೆ ಮುನ್ನ ಕೋಳಿಮಾಂಸ ಮತ್ತು ಅನ್ನದ ಖಾದ್ಯವೊಂದನ್ನು ಮೂರು ಬಗೆಯಲ್ಲಿ ಕೊಟ್ಟರು: ಒಂದು ದಿನ ಗಟ್ಟಿಯಾಗಿ, ಇನ್ನೊಂದು ದಿನ ಅದೇ ಖಾದ್ಯದೊಂದಿಗೆ ಒಂದು ಲೋಟ ನೀರು, ಮತ್ತೊಂದು ದಿನ ಅಷ್ಟೇ ನೀರನ್ನು ಅದರೊಳಗೇ ಸೇರಿಸಿ ಸೂಪ್ ಮಾಡಿ. ಸೂಪ್ ಕುಡಿದ ದಿನ ಅವರು ಆಮೇಲಿನ ಊಟವನ್ನು ಗಮನಾರ್ಹವಾಗಿ ಕಡಿಮೆ ಉಂಡರು. ಪಕ್ಕದಲ್ಲಿ ನೀರು ಕುಡಿದ ದಿನ ಆ ಪರಿಣಾಮ ಕಾಣಲಿಲ್ಲ. ಬರಿಯ ನೀರು ಜಠರದಿಂದ ಬೇಗ ಜಾರಿಹೋಗುತ್ತದೆ, ಆಹಾರದೊಳಗೆ ಬೆರೆತ ನೀರು ಆಹಾರದೊಂದಿಗೆ ಉಳಿಯುತ್ತದೆ. ಊಟಕ್ಕೆ ಹದಿನೈದಿಪ್ಪತ್ತು ನಿಮಿಷ ಮೊದಲು ಒಂದು ಬಟ್ಟಲು ತರಕಾರಿ ಸೂಪ್ ಕುಡಿಯುವುದು ಈ ಮಾರ್ಗದರ್ಶಿಯಲ್ಲಿ ಅತಿ ಸುಲಭವಾದ, ನನ್ನ ಅನುಭವದಲ್ಲಿ ಅತಿ ಬೇಗ ಫಲ ಕೊಟ್ಟ ಬದಲಾವಣೆ. ಸೂಪಿಗೆ ಕೆನೆಯಾಗಲಿ ಬೆಣ್ಣೆಯಾಗಲಿ ಹಾಕಿದರೆ ಇದರ ಪ್ರಯೋಜನ ಹೋಗಿಬಿಡುತ್ತದೆ.

ನಾಲ್ಕನೆಯ ಹೆಜ್ಜೆ: ಎಣ್ಣೆಯನ್ನು ಚಮಚದಲ್ಲಿ ಅಳೆಯಿರಿ

ಇದು ಚಿಕ್ಕ ಕೆಲಸ, ಆದರೆ ಇಡೀ ಪಥ್ಯದಲ್ಲಿ ಹೆಚ್ಚು ಕ್ಯಾಲೊರಿ ಉಳಿಯುವುದು ಇಲ್ಲಿಯೇ. ಬಾಣಲೆಗೆ ಶೀಸೆಯಿಂದ ನೇರವಾಗಿ ಎಣ್ಣೆ ಸುರಿಯುವ ರೂಢಿಯಿದ್ದರೆ, ನಾಳೆ ಒಮ್ಮೆ ಎಂದಿನಷ್ಟೇ ಎಣ್ಣೆಯನ್ನು ಮೊದಲು ಒಂದು ಬಟ್ಟಲಿಗೆ ಸುರಿದು, ಅದನ್ನು ದೊಡ್ಡ ಚಮಚದಿಂದ ಅಳೆದು ನೋಡಿ. ನಾನು ಒಂದು ಚಮಚವೆಂದುಕೊಂಡಿದ್ದದ್ದು ಮೂರಕ್ಕೆ ಹತ್ತಿರವಿತ್ತು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ಅದು ಪಲ್ಯಕ್ಕೆ ಒಂದಿಷ್ಟು ಹೊಳಪು ತರುತ್ತದೆ, ಆದರೆ ತಟ್ಟೆಯ ಗಾತ್ರಕ್ಕೆ ಏನನ್ನೂ ಸೇರಿಸುವುದಿಲ್ಲ. ಆ 120 ಕ್ಯಾಲೊರಿಗೆ ಸುಮಾರು ಅರ್ಧ ಕಿಲೋ ಎಲೆಕೋಸು ಬರುತ್ತದೆ.

ಎಣ್ಣೆಯನ್ನು ಪೂರ್ತಿ ಬಿಡಬೇಕೆಂದು ಇದರ ಅರ್ಥವಲ್ಲ. ಎ, ಡಿ, ಇ, ಕೆ ಜೀವಸತ್ವಗಳು ಕೊಬ್ಬಿನಲ್ಲಿ ಕರಗಿಯೇ ಮೈಗೆ ಸೇರಬೇಕು, ಮತ್ತು ಕೊಬ್ಬೇ ಇಲ್ಲದ ಊಟ ನಾಲಿಗೆಗೆ ಬೇಗ ಬೇಸರ ತರುತ್ತದೆ. ಒಬ್ಬರ ಒಂದು ಊಟಕ್ಕೆ ಒಂದು ಚಿಕ್ಕ ಚಮಚ, ಅಂದರೆ ಸುಮಾರು 5 ಗ್ರಾಂ ಎಣ್ಣೆ ಸಾಕಾಗುತ್ತದೆ. ತರಕಾರಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ, ಮುಚ್ಚಳ ಮುಚ್ಚಿ, ಹಬೆಯಲ್ಲಿ ಬೇಯಿಸಿಕೊಂಡು ಕೊನೆಯಲ್ಲಿ ಎಣ್ಣೆ ಸೇರಿಸಿದರೆ ಆ ಒಂದು ಚಮಚದ ಪರಿಮಳ ಮೇಲ್ಮೈಯಲ್ಲಿಯೇ ಉಳಿಯುತ್ತದೆ. ಮೊದಲೇ ಹಾಕಿದರೆ ತರಕಾರಿ ಅದನ್ನು ಹೀರಿಕೊಂಡು ಇನ್ನಷ್ಟು ಬೇಕೆನಿಸುತ್ತದೆ.

ಐದನೆಯ ಹೆಜ್ಜೆ: ಪ್ರತಿ ಊಟಕ್ಕೂ ಪ್ರೋಟೀನ್ ಇರಲಿ

ಸಮಾನ ಕ್ಯಾಲೊರಿಯಲ್ಲಿ ಪ್ರೋಟೀನು ಕಾರ್ಬೋಹೈಡ್ರೇಟಿಗಿಂತಲೂ ಕೊಬ್ಬಿಗಿಂತಲೂ ಹೆಚ್ಚು ಹೊತ್ತು ಹಸಿವನ್ನು ತಡೆಯುತ್ತದೆ. ತೂಕ ಇಳಿಯುವಾಗ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ, ಅದನ್ನು ತಡೆಯಲೂ ಪ್ರೋಟೀನ್ ಬೇಕು. ಸಾಮಾನ್ಯ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.8 ಗ್ರಾಂ ಪ್ರೋಟೀನ್ ಸಾಕೆನ್ನುತ್ತಾರೆ. ತೂಕ ಇಳಿಸುವಾಗ ಅದನ್ನು 1.2ರಿಂದ 1.6 ಗ್ರಾಂವರೆಗೆ ಏರಿಸಿಕೊಳ್ಳುವುದು ರೂಢಿಯಲ್ಲಿದೆ. 65 ಕಿಲೋ ತೂಗುವವರಿಗೆ 1.2ರ ಲೆಕ್ಕದಲ್ಲಿ ಅದು 78 ಗ್ರಾಂ, ಮೂರು ಊಟಕ್ಕೆ ಹಂಚಿದರೆ ಹೊತ್ತಿಗೆ 26 ಗ್ರಾಂ.

ಹೊತ್ತಿಗೆ 26 ಗ್ರಾಂ ಎಂಬುದು ತಾನಾಗಿ ಒದಗುವ ಪ್ರಮಾಣವಲ್ಲ, ಅದನ್ನು ಯೋಚಿಸಿಯೇ ತಟ್ಟೆಗೆ ತರಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಬೆಂದ ಬೇಳೆಯಲ್ಲಿ 9 ಗ್ರಾಂ, ನೀರು ಬಸಿದ ಗಟ್ಟಿ ಮೊಸರಿನಲ್ಲಿ ಸುಮಾರು 10 ಗ್ರಾಂ, ಚರ್ಮ ತೆಗೆದು ಬೇಯಿಸಿದ ಕೋಳಿಯ ಎದೆಮಾಂಸದಲ್ಲಿ 31 ಗ್ರಾಂ ಸಿಗುತ್ತದೆ. ಬೇಳೆಕಾಳುಗಳದ್ದು ಇಲ್ಲಿ ವಿಶೇಷ ಸ್ಥಾನ, ಏಕೆಂದರೆ ಅವು ಪ್ರೋಟೀನಿನ ಜೊತೆಗೆ ನಾರನ್ನೂ ತರುತ್ತವೆ. ಹೆಚ್ಚಿನವರ ಬೆಳಗಿನ ತಿಂಡಿಯಲ್ಲಿ ಪ್ರೋಟೀನ್ ತೀರ ಕಡಿಮೆ ಇರುತ್ತದೆ. ಹನ್ನೊಂದು ಗಂಟೆಯ ಹಸಿವು ನಿಮ್ಮನ್ನು ಕಾಡುತ್ತಿದ್ದರೆ ಮೊದಲು ತಿದ್ದಬೇಕಾದದ್ದು ತಿಂಡಿಯ ಹೊತ್ತಿನ ಪ್ರೋಟೀನನ್ನು.

ಆರನೆಯ ಹೆಜ್ಜೆ: ನಾರಿನಂಶವನ್ನು ಮೆಲ್ಲನೆ ಹೆಚ್ಚಿಸಿ

ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರನ್ನೂ 400 ಗ್ರಾಂ ತರಕಾರಿ ಮತ್ತು ಹಣ್ಣನ್ನೂ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಓಟ್ಸಿನಲ್ಲಿರುವಂಥ ಲೋಳೆಯಾಗುವ ನಾರು ಜಠರದಲ್ಲಿ ಆಹಾರವನ್ನು ದಪ್ಪಗಾಗಿಸಿ ಅದು ಕೆಳಗಿಳಿಯುವುದನ್ನು ತಡಮಾಡುತ್ತದೆ. ಸಿಪ್ಪೆ, ತೌಡಿನಂಥ ಒರಟು ನಾರು ಗಾತ್ರ ಕೊಡುತ್ತದೆ, ಜಗಿಯುವ ಕೆಲಸವನ್ನೂ ಹೆಚ್ಚಿಸುತ್ತದೆ.

ಒಂದೇ ದಿನ 10 ಗ್ರಾಂನಿಂದ 30 ಗ್ರಾಂಗೆ ಹಾರಿದರೆ ಹೊಟ್ಟೆ ಉಬ್ಬರಿಸುತ್ತದೆ, ವಾಯು ಕಾಡುತ್ತದೆ, ಮತ್ತು ಆ ಸಂಕಟವನ್ನೇ ನೆಪ ಮಾಡಿಕೊಂಡು ಪಥ್ಯ ಬಿಟ್ಟವರನ್ನು ನಾನು ಬಲ್ಲೆ. ಎರಡು ಮೂರು ದಿನಕ್ಕೊಮ್ಮೆ ಒಂದು ಸಣ್ಣ ಪಾಲನ್ನು ಸೇರಿಸುತ್ತ ಮೂರು ವಾರದಲ್ಲಿ ಗುರಿ ಮುಟ್ಟಿ, ಜೊತೆಗೆ ನೀರನ್ನೂ ಹೆಚ್ಚಿಸಿ. ನೀರಿಲ್ಲದ ನಾರು ಮಲಬದ್ಧತೆಯನ್ನು ಹೆಚ್ಚಿಸುತ್ತದೆ.

ಏಳನೆಯ ಹೆಜ್ಜೆ: ಒಂದು ಊಟವನ್ನು ತೂಗಿ ಕಟ್ಟಿ

ಇಷ್ಟೆಲ್ಲ ಒಂದು ತಟ್ಟೆಯಲ್ಲಿ ಹೇಗೆ ಕೂಡುತ್ತದೆ ಎಂಬುದನ್ನು ನೋಡೋಣ. ಊಟಕ್ಕೆ ಮುಂಚೆ 300 ಗ್ರಾಂ ತೂಗುವ ಒಂದು ಬಟ್ಟಲು ತರಕಾರಿ ಸೂಪ್, ಅದು ಸುಮಾರು 60 ಕ್ಯಾಲೊರಿ. ತಟ್ಟೆಯಲ್ಲಿ 200 ಗ್ರಾಂ ಬೇಯಿಸಿದ ತರಕಾರಿ, ಅದರ ಮೇಲೆ ಒಂದು ಚಿಕ್ಕ ಚಮಚ ಎಣ್ಣೆ, ಎರಡೂ ಸೇರಿ 110. ಬೆಂದ ಬೇಳೆ 150 ಗ್ರಾಂ, ಅದು ಸುಮಾರು 175. ಅನ್ನ 100 ಗ್ರಾಂ, 130. ಕೊನೆಯಲ್ಲಿ ಕೆನೆ ತೆಗೆದ ಹಾಲಿನ ಮೊಸರು 100 ಗ್ರಾಂ, ಸುಮಾರು 60. ಎಲ್ಲ ಕೂಡಿದರೆ 535 ಕ್ಯಾಲೊರಿ, ಪ್ರೋಟೀನ್ 25 ಗ್ರಾಂ ಆಸುಪಾಸು, ತೂಕ 850 ಗ್ರಾಂ ದಾಟುತ್ತದೆ.

ಈಗ ಇದೇ 535 ಕ್ಯಾಲೊರಿಯನ್ನು ಇನ್ನೊಂದು ಬಗೆಯಲ್ಲಿ ನೋಡಿ: 250 ಗ್ರಾಂ ಅನ್ನವನ್ನು ಒಂದೂವರೆ ದೊಡ್ಡ ಚಮಚ ಎಣ್ಣೆಯಲ್ಲಿ ಒಂದು ಹಿಡಿ ತರಕಾರಿಯೊಂದಿಗೆ ಹುರಿದರೆ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಒಟ್ಟು ತೂಕ 330 ಗ್ರಾಂ ಸುತ್ತಮುತ್ತ, ಪ್ರೋಟೀನ್ 10 ಗ್ರಾಂ ಕೂಡ ಇಲ್ಲ. ಎರಡು ತಟ್ಟೆಗಳನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಪಥ್ಯದವರದ್ದು, ಯಾವುದು ಅಲ್ಲ ಎಂದು ನೋಡುವವರು ತಿರುವುಮುರುವಾಗಿ ಹೇಳಿಯಾರು. ಅನ್ನವನ್ನು ತಟ್ಟೆಯಿಂದ ಓಡಿಸುವ ಅಗತ್ಯವಿಲ್ಲ ಎಂಬುದನ್ನೂ ಗಮನಿಸಿ. ಅದಕ್ಕೆ ಒಂದು ಪಾಲು ಇದೆ, ಆ ಪಾಲು ತೂಗಿದ್ದಿದೆ, ಅಷ್ಟೇ.

ಅಡುಗೆಮನೆಯ ತಕ್ಕಡಿಯನ್ನು ಜೀವನಪೂರ್ತಿ ಬಳಸಬೇಕಾಗಿಲ್ಲ. ಎರಡು ಮೂರು ವಾರ ತೂಗಿದರೆ ಕಣ್ಣಿಗೆ ಅಂದಾಜು ಕೂರುತ್ತದೆ. ಎಣ್ಣೆ, ಬೀಜಗಳು, ಸಕ್ಕರೆ, ಚೀಸ್ ಇವುಗಳ ಮಟ್ಟಿಗೆ ಮಾತ್ರ ಅಳತೆಯನ್ನು ಮುಂದುವರಿಸುವುದು ಒಳ್ಳೆಯದು, ಏಕೆಂದರೆ ಇವುಗಳಲ್ಲಿ ಕಣ್ಣು ಮೋಸಹೋದರೆ ನೂರಿನ್ನೂರು ಕ್ಯಾಲೊರಿ ತಿಳಿಯದೆಯೇ ಒಳಸೇರುತ್ತದೆ.

ಆಲೂಗಡ್ಡೆಯ ಬಗ್ಗೆ ಒಂದು ಮಾತು

ಪಥ್ಯ ಎಂದಾಕ್ಷಣ ಬಹಿಷ್ಕಾರಕ್ಕೆ ಒಳಗಾಗುವ ಈ ಗಡ್ಡೆಯ ಪರವಾಗಿ ಮಾತಾಡುವುದು ನನಗೆ ಅಗತ್ಯವೆನಿಸುತ್ತದೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು 38 ಬಗೆಯ ಆಹಾರಗಳನ್ನು ತಲಾ 240 ಕ್ಯಾಲೊರಿಯಷ್ಟು ಕೊಟ್ಟು, ತಿಂದವರಿಗೆ ಮುಂದಿನ ಎರಡು ಗಂಟೆಗಳಲ್ಲಿ ಎಷ್ಟರ ಮಟ್ಟಿಗೆ ಹೊಟ್ಟೆ ತುಂಬಿದ ಅನುಭವವಿತ್ತು ಎಂದು ದಾಖಲಿಸಿದರು. ಬಿಳಿ ಬ್ರೆಡ್ಡಿಗೆ 100 ಅಂಕವೆಂದು ಇಟ್ಟುಕೊಂಡರೆ, ಬೇಯಿಸಿದ ಆಲೂಗಡ್ಡೆಗೆ ಬಂದದ್ದು 323, ಪಟ್ಟಿಯಲ್ಲಿಯೇ ಎಲ್ಲಕ್ಕಿಂತ ಹೆಚ್ಚು. ಬೆಣ್ಣೆ ತುಂಬಿದ ಕ್ರೋಸಾಂಟ್ ಎಂಬ ಬೇಕರಿ ತಿನಿಸಿಗೆ 47, ಎಲ್ಲಕ್ಕಿಂತ ಕಡಿಮೆ. 240 ಕ್ಯಾಲೊರಿಯ ಬೇಯಿಸಿದ ಆಲೂಗಡ್ಡೆ ಎಂದರೆ ಕಾಲು ಕಿಲೋಗಿಂತ ಹೆಚ್ಚು, ಅದನ್ನು ತಿಂದು ಮುಗಿಸುವುದೇ ಒಂದು ಕೆಲಸ. ಅದೇ ಗಡ್ಡೆಯನ್ನು ತೆಳ್ಳಗೆ ಹೆಚ್ಚಿ ಎಣ್ಣೆಯಲ್ಲಿ ಕರಿದಾಗ ನೀರು ಆವಿಯಾಗಿ ಹೋಗಿ ಎಣ್ಣೆ ಅದರ ಜಾಗದಲ್ಲಿ ಕೂರುತ್ತದೆ, 100 ಗ್ರಾಂಗೆ 87 ಇದ್ದ ಕ್ಯಾಲೊರಿ 500 ದಾಟುತ್ತದೆ. ಕೆಟ್ಟ ಹೆಸರು ಗಡ್ಡೆಗೆ ಬಂತು, ಬರಬೇಕಾಗಿದ್ದದ್ದು ಬಾಣಲೆಗೆ.

ಎಂಟನೆಯ ಹೆಜ್ಜೆ: ಜಗಿಯುವಂಥದ್ದನ್ನು ತಿನ್ನಿ, ನಿಧಾನವಾಗಿ ತಿನ್ನಿ

ಕರುಳಿನಿಂದ ಹೊರಡುವ ಎರಡನೆಯ ಸುದ್ದಿ ಮಿದುಳಿಗೆ ಮುಟ್ಟಲು ಹೊತ್ತು ಬೇಕು. ಹತ್ತು ನಿಮಿಷದಲ್ಲಿ ತಟ್ಟೆ ಬರಿದು ಮಾಡಿದವರು ಆ ಸುದ್ದಿ ಬರುವ ಮೊದಲೇ ಎರಡನೆಯ ಸಲ ಬಡಿಸಿಕೊಂಡಿರುತ್ತಾರೆ. ಊಟಕ್ಕೆ ಇಪ್ಪತ್ತು ನಿಮಿಷವಾದರೂ ಕೊಡಿ. ಆದರೆ ನಿಧಾನವಾಗಿ ತಿನ್ನಬೇಕೆಂದು ಮನಸ್ಸಿಗೆ ಹೇಳಿಕೊಳ್ಳುವುದಕ್ಕಿಂತ, ಬೇಗ ತಿನ್ನಲಾಗದ ಆಹಾರವನ್ನೇ ಆರಿಸಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ಗಟ್ಟಿ ಕ್ಯಾರೆಟ್, ಸಿಪ್ಪೆಸಹಿತವಾದ ಸೇಬು, ಇಡಿಯ ಕಾಳುಗಳು ತಾವೇ ನಿಮ್ಮನ್ನು ನಿಧಾನಗೊಳಿಸುತ್ತವೆ.

ಬಾರ್ಬರಾ ರೋಲ್ಸ್ ಅವರ ತಂಡವೇ 2009ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಊಟಕ್ಕೆ ಮುನ್ನ ಸೇಬನ್ನು ಹಣ್ಣಾಗಿ, ಬೇಯಿಸಿ ಹಿಸುಕಿದ ಮುದ್ದೆಯಾಗಿ, ರಸವಾಗಿ ಬೇರೆ ಬೇರೆ ದಿನಗಳಲ್ಲಿ ಸಮಾನ ಕ್ಯಾಲೊರಿಯಲ್ಲಿ ಕೊಡಲಾಯಿತು. ಹಣ್ಣನ್ನೇ ತಿಂದ ದಿನ, ಏನೂ ತಿನ್ನದ ದಿನಕ್ಕೆ ಹೋಲಿಸಿದರೆ, ಆ ಹೊತ್ತಿನ ಒಟ್ಟು ಕ್ಯಾಲೊರಿ ಶೇ. 15ರಷ್ಟು ಇಳಿಯಿತು. ರಸಕ್ಕೆ ನಾರನ್ನು ಮರಳಿ ಬೆರೆಸಿ ಕೊಟ್ಟರೂ ಅದು ಹಣ್ಣಿಗೆ ಸಾಟಿಯಾಗಲಿಲ್ಲ. ಆದ್ದರಿಂದ ಕ್ಯಾಲೊರಿ ಇರುವ ಪಾನೀಯಗಳನ್ನು, ಹಣ್ಣಿನ ರಸವೂ ಸೇರಿದಂತೆ, ಪಥ್ಯದ ದಿನಗಳಲ್ಲಿ ಬಿಟ್ಟುಬಿಡಿ. ಹಸಿವನ್ನು ಹೆಚ್ಚಿಸದೆ ಕ್ಯಾಲೊರಿ ಉಳಿಸಬಹುದಾದ ದೊಡ್ಡ ಜಾಗಗಳಲ್ಲಿ ಇದೂ ಒಂದು.

ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸುಗಳೂ ಹೀಗೆ ಬೇಗ ಒಳಗಿಳಿಯುವ ಗುಂಪಿಗೇ ಸೇರುತ್ತವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರ ತಂಡ 20 ಜನರನ್ನು ಒಳರೋಗಿಗಳಂತೆ ಇರಿಸಿಕೊಂಡು ಎರಡು ವಾರ ಅತಿಸಂಸ್ಕರಿತ ಆಹಾರವನ್ನೂ ಇನ್ನೆರಡು ವಾರ ಸಂಸ್ಕರಿಸದ ಆಹಾರವನ್ನೂ ಬೇಕಾದಷ್ಟು ತಿನ್ನಲು ಬಿಟ್ಟಿತು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ತಿನ್ನುವ ವೇಗವೂ ಹೆಚ್ಚಿತ್ತು. ನಾವು ಇಡೀ ದಿನ ಕಷ್ಟಪಟ್ಟು ಕಡಿತ ಮಾಡಲು ಹೊರಟಿರುವುದೂ ಹೆಚ್ಚುಕಡಿಮೆ ಅಷ್ಟೇ ಕ್ಯಾಲೊರಿಯನ್ನು.

ಒಂಬತ್ತನೆಯ ಹೆಜ್ಜೆ: ರುಚಿಗಳ ಸಂಖ್ಯೆಯನ್ನು ಆಯ್ದು ಇಡಿ

ಒಂದೇ ರುಚಿಯನ್ನು ತಿನ್ನುತ್ತ ಹೋದಂತೆ ಅದರ ಮೇಲಿನ ಆಸೆ ಇಳಿಯುತ್ತದೆ, ಹೊಸ ರುಚಿಯೊಂದು ಎದುರಿಗೆ ಬಂದರೆ ಮತ್ತೆ ಚಿಗುರುತ್ತದೆ. ಹೊಟ್ಟೆ ಬಿರಿಯುವಂತೆ ಉಂಡ ಮೇಲೂ ಸಿಹಿಗೆ ಜಾಗ ಸಿಗುವುದು ಇದರಿಂದಲೇ. ಈ ಗುಣವನ್ನು ನಿಮ್ಮ ಪರವಾಗಿ ಬಳಸಿಕೊಳ್ಳಿ: ತರಕಾರಿಗಳಲ್ಲಿ ಮೂರು ನಾಲ್ಕು ಬಗೆಗಳಿರಲಿ, ಎಣ್ಣೆ ಸಕ್ಕರೆಯ ತಿನಿಸುಗಳಲ್ಲಿ ಮನೆಯಲ್ಲಿ ಒಂದೇ ಬಗೆಯಿರಲಿ.

ಹತ್ತನೆಯ ಹೆಜ್ಜೆ: ನಿದ್ದೆ

ಷಿಕಾಗೊ ವಿಶ್ವವಿದ್ಯಾಲಯದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 12 ಯುವಕರಿಗೆ ಎರಡು ರಾತ್ರಿ ಕೇವಲ ನಾಲ್ಕು ಗಂಟೆಯಷ್ಟೇ ನಿದ್ದೆಗೆ ಅವಕಾಶ ಕೊಟ್ಟಾಗ, ಹತ್ತು ಗಂಟೆ ಅವಕಾಶ ಕೊಟ್ಟ ದಿನಗಳಿಗೆ ಹೋಲಿಸಿದರೆ, ಹಸಿವೆಬ್ಬಿಸುವ ಗ್ರೆಲಿನ್ ಶೇ. 28ರಷ್ಟು ಏರಿತ್ತು, ಹಸಿವನ್ನು ತಗ್ಗಿಸುವ ಲೆಪ್ಟಿನ್ ಶೇ. 18ರಷ್ಟು ಇಳಿದಿತ್ತು. ನಿದ್ದೆಗೆಟ್ಟ ಮರುದಿನ ಊಟ ಎಷ್ಟೇ ಚೆನ್ನಾಗಿ ಜೋಡಿಸಿದ್ದರೂ ಹೊಟ್ಟೆ ತುಂಬಿದಂತೆ ಅನಿಸದಿದ್ದರೆ, ಅಂದು ತಟ್ಟೆಯನ್ನು ದೂಷಿಸದೆ ರಾತ್ರಿ ಬೇಗ ಮಲಗಿ.

ಹನ್ನೊಂದನೆಯ ಹೆಜ್ಜೆ: ಹಸಿವಿನ ಹೊತ್ತನ್ನು ಬರೆದಿಡಿ

ಎರಡು ವಾರ ಒಂದು ಚಿಕ್ಕ ಪುಸ್ತಕದಲ್ಲಿ, ಹಸಿವಾದಾಗಲೆಲ್ಲ ಗಂಟೆಯನ್ನು ಬರೆದು, ಮುಂದೆ ಒಂದರಿಂದ ಐದರವರೆಗೆ ಅಂಕ ಕೊಡಿ. ಅಂಕ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈಗ ಬೇಯಿಸಿದ ತರಕಾರಿಯನ್ನೋ ಒಂದು ಮೊಟ್ಟೆಯನ್ನೋ ಕೊಟ್ಟರೆ ತಿಂದೇನೇ? ಹೌದೆಂದಾದರೆ ಅದು ಹಸಿವು. ಬಿಸ್ಕತ್ತಾದರೆ ಮಾತ್ರ ಎಂದಾದರೆ ಬಾಯಿಚಪಲ. ಅದಕ್ಕೆ ಬೇರೆ ಗುರುತು ಹಾಕಿ, ಸ್ವಲ್ಪ ಹೊತ್ತು ನಡೆದಾಡಿ ಬನ್ನಿ.

ಎರಡು ವಾರ ಕಳೆದಾಗ ನಿಜವಾದ ಹಸಿವು ದಿನದ ಒಂದೆರಡು ಹೊತ್ತಿಗೆ ಮಾತ್ರ ಗುಂಪುಗೂಡುವುದು ಕಾಣುತ್ತದೆ. ನನ್ನ ಪುಸ್ತಕದಲ್ಲಿ ಅದು ಸಂಜೆ ಐದು ಮತ್ತು ರಾತ್ರಿ ಹತ್ತು. ಆಗ ದಿನದ ಒಟ್ಟು ಕ್ಯಾಲೊರಿಯನ್ನು ಬದಲಿಸದೆ, ಹಸಿವಿಲ್ಲದ ಹೊತ್ತಿನ ಊಟದಿಂದ ನೂರೈವತ್ತು ಕ್ಯಾಲೊರಿಯನ್ನು ತೆಗೆದು ಹಸಿವಿನ ಹೊತ್ತಿಗೆ ಅರ್ಧ ಗಂಟೆ ಮುಂಚೆ ಇಡಿ. ನಾನು ಬೆಳಗಿನ ತಿಂಡಿಯಿಂದ ಒಂದು ಪಾಲು ಬ್ರೆಡ್ ತೆಗೆದು ಸಂಜೆ ನಾಲ್ಕೂವರೆಗೆ ಒಂದು ಸೇಬನ್ನೂ ಒಂದು ಬೇಯಿಸಿದ ಮೊಟ್ಟೆಯನ್ನೂ ಇಟ್ಟುಕೊಂಡೆ, ರಾತ್ರಿಯ ಊಟವನ್ನು ಏಳೂವರೆಯಿಂದ ಎಂಟೂವರೆಗೆ ಸರಿಸಿದೆ. ಹೀಗೆ ಸರಿಸಿದ ಮೇಲೂ ಒಂದು ವಾರ ನಾಲ್ಕು ಐದು ಅಂಕಗಳೇ ಬರುತ್ತಿದ್ದರೆ ಕಡಿತವೇ ದೊಡ್ಡದಾಗಿದೆ. ದಿನಕ್ಕೆ 100ರಿಂದ 150 ಕ್ಯಾಲೊರಿಯನ್ನು ಮರಳಿ ಸೇರಿಸಿ, ಮತ್ತೆ ಒಂದು ವಾರ ಬರೆದು ನೋಡಿ.